ಆ ಸಹಿಯ ಹಿಂದಿರುವ ಕಹಿ ಚರಿತ್ರೆ

ಆಪರೇಷನ್‌ಗೆ ಮೊದಲು ಆಸ್ಪತ್ರೆಯವರು ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವುದಿಲ್ಲ. "ಏನೋ ಬರೆದಿತ್ತು ಡಾಕ್ಟ್ರೇ, ಸಹಿ ಹಾಕಿದೆ" ಎಂದು ನನ್ನ ದವಾಖಾನೆಗೆ ಬರುವವರು ಹೇಳುವುದುಂಟು. ರೋಗಿಯ ಒಪ್ಪಿಗೆಗೆ ಇಷ್ಟು ಬೆಲೆ ಏಕೆ ಬಂತು ಎಂದು ತಿಳಿಯಲು ಹಿಟ್ಲರನ ಜರ್ಮನಿಯ ವೈದ್ಯರ ಕಥೆಯನ್ನು ತಿಳಿಯಬೇಕು.

ಆ ವೈದ್ಯರು ಅರೆಬರೆ ಕಲಿತವರಲ್ಲ. ಹಲವರು ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಅವರ ಪತನವೂ ಒಂದೇ ದಿನ ಆದದ್ದಲ್ಲ. 1933ರ ಕಾನೂನಿನಡಿ "ವಂಶಪಾರಂಪರ್ಯ ರೋಗಿಗಳು" ಎಂದು ಹಣೆಪಟ್ಟಿ ಹಚ್ಚಿ ಸುಮಾರು 4 ಲಕ್ಷ ಜನರಿಗೆ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ಮಾಡಲಾಯಿತು. 1939ರಿಂದ ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಕೊಲ್ಲತೊಡಗಿದರು. ಯಾರು ಸಾಯಬೇಕೆಂದು ಕಾಗದದ ಮೇಲೆ ಗುರುತು ಹಾಕುತ್ತಿದ್ದವರು ವೈದ್ಯರೇ. ರೋಗಿಯನ್ನು ಮನುಷ್ಯನೆಂದು ಕಾಣದೆ ದೇಶಕ್ಕೆ ಹೊರೆ ಎಂದು ಕಂಡ ಮೇಲೆ ಮುಂದಿನ ಹೆಜ್ಜೆ ಅವರಿಗೆ ಕಷ್ಟವಾಗಲಿಲ್ಲ.

ಆ ಹೆಜ್ಜೆಯೇ ಸೆರೆಶಿಬಿರಗಳು. ಡಖಾವ್ ಶಿಬಿರದಲ್ಲಿ 1942ರಲ್ಲಿ ಸಿಗ್ಮಂಡ್ ರಾಷರ್ ಎಂಬ ವೈದ್ಯ ಕೈದಿಗಳನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಕೂಡಿಹಾಕಿ, ವಿಮಾನದ ಪೈಲಟ್ ಎಷ್ಟು ಎತ್ತರದವರೆಗೆ ಬದುಕಬಲ್ಲ ಎಂದು ಪರೀಕ್ಷಿಸಿದ. ಬಳಿಕ ಮಂಜುಗಡ್ಡೆಯ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟ. ಹತ್ತಾರು ಮಂದಿ ಅಲ್ಲೇ ಸತ್ತರು. ರಾವೆನ್ಸ್‌ಬ್ರೂಕ್‌ನಲ್ಲಿ ಪೋಲೆಂಡಿನ ಯುವತಿಯರ ಕಾಲು ಕೊಯ್ದು, ಗಾಯದೊಳಗೆ ರೋಗಾಣು, ಮರದ ಚೂರು, ಗಾಜಿನ ಚೂರು ತುಂಬಿ ಸಲ್ಫಾ ಔಷಧಿಯನ್ನು ಪರೀಕ್ಷಿಸಿದರು. ಆಶ್ವಿಟ್ಜ್‌ನಲ್ಲಿ ಯಹೂದಿಯರು ರೈಲಿನಿಂದ ಇಳಿಯುತ್ತಿದ್ದಂತೆ ಯಾರು ದುಡಿಮೆಗೆ, ಯಾರು ವಿಷಾನಿಲಕ್ಕೆ ಎಂದು ಬೇರ್ಪಡಿಸುತ್ತಿದ್ದವರೂ ವೈದ್ಯರು. ಅವರಲ್ಲೊಬ್ಬನಾದ ಯೋಸೆಫ್ ಮೆಂಗೆಲೆ ಅವಳಿ ಮಕ್ಕಳನ್ನು ಪ್ರಯೋಗದ ಪ್ರಾಣಿಗಳಂತೆ ಬಳಸಿದ. ಯುದ್ಧದ ನಂತರ ಅವನು ದಕ್ಷಿಣ ಅಮೆರಿಕಕ್ಕೆ ಪಲಾಯನ ಮಾಡಿ, 1979ರಲ್ಲಿ ಬ್ರೆಜಿಲ್‌ನಲ್ಲಿ ಸಾಯುವವರೆಗೂ ಕೈಗೆ ಸಿಗಲಿಲ್ಲ.

1946ರ ಡಿಸೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ 23 ಮಂದಿಯ ವಿಚಾರಣೆ ಆರಂಭವಾಯಿತು. ಅವರಲ್ಲಿ 20 ಮಂದಿ ವೈದ್ಯರು. 1947ರ ಆಗಸ್ಟ್‌ನಲ್ಲಿ 16 ಮಂದಿ ತಪ್ಪಿತಸ್ಥರೆಂದು ತೀರ್ಪು ಬಂತು; ಹಿಟ್ಲರನ ಖಾಸಗಿ ವೈದ್ಯ ಕಾರ್ಲ್ ಬ್ರಾಂಟ್ ಸೇರಿ 7 ಮಂದಿಯನ್ನು ಮರುವರ್ಷ ಗಲ್ಲಿಗೇರಿಸಲಾಯಿತು. ಆ ತೀರ್ಪಿನಲ್ಲೇ ಮಾನವ ಪ್ರಯೋಗಗಳಿಗೆ 10 ನಿಯಮಗಳಿದ್ದವು. ಮೊದಲನೆಯದು, ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ ಕಡ್ಡಾಯ. ಬೇಸತ್ತರೆ ನಡುವೆಯೇ ಬಿಟ್ಟುಹೋಗುವ ಹಕ್ಕೂ ಅದರಲ್ಲಿದೆ.

ಗಮನಿಸಿ: ಒಪ್ಪಿಗೆಯಿಲ್ಲದೆ ಪ್ರಯೋಗ ಮಾಡಬಾರದೆಂಬ ಮಾರ್ಗಸೂಚಿಯನ್ನು ಜರ್ಮನಿ 1931ರಲ್ಲೇ ಹೊರಡಿಸಿತ್ತು. ಹಕೀಮರಿಗೆ ಬುಖ್ರಾತ್ ಎಂದು ಪರಿಚಿತನಾದ ಹಿಪ್ಪೊಕ್ರೇಟಿಸನ ಪ್ರತಿಜ್ಞೆಯೂ ಆ ವೈದ್ಯರಿಗೆ ಗೊತ್ತಿತ್ತು. ನಿಯಮ ಪುಸ್ತಕದಲ್ಲಿದ್ದರೆ ಸಾಲದು. ವೈದ್ಯರ ಮನಸ್ಸಿನಲ್ಲಿರಬೇಕು, ರೋಗಿಗಳೂ ಅದನ್ನು ಕೇಳಿ ಪಡೆಯಬೇಕು.

ಆದ್ದರಿಂದ ಸಹಿ ಹಾಕುವ ಮುನ್ನ ಕೇಳಿ: ಏನು ಮಾಡುತ್ತೀರಿ? ಏಕೆ? ಅಪಾಯವೇನು? ಬೇರೆ ದಾರಿ ಇದೆಯೇ? ಇದು ಚಿಕಿತ್ಸೆಯೋ, ಹೊಸ ಔಷಧಿಯ ಪ್ರಯೋಗವೋ? ಓದಲು ಬಾರದಿದ್ದರೆ ನಿಮ್ಮ ಭಾಷೆಯಲ್ಲಿ ವಿವರಿಸಲು ಹೇಳಿ. ರೋಗಿ ಮನೆಯ ಹೆಂಗಸಾಗಿದ್ದರೆ ಮೊದಲು ಅವರಿಗೇ ತಿಳಿಸಿ, ಅವರ ಮಾತನ್ನೇ ಕೇಳಿ. ದೇಹ ಅವರದು, ಒಪ್ಪಿಗೆಯೂ ಅವರದೇ. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.