ಹಾಡು, ನಾಟಕ, ಕಥೆಗಳಲ್ಲಿ ಕಾಲದ ಛಾಯೆ

ಸಾಹಿತ್ಯವು ಕಾಲದ ಕನ್ನಡಿಯೆಂಬ ಮಾತು ಪದೇ ಪದೇ ಕೇಳಿಬರುತ್ತದೆ. ನಾಟ್ಯವು ಲೋಕದ ನಡೆವಳಿಕೆಯ ಅನುಕರಣವೆಂದು ಭರತಮುನಿಯೂ ಹೇಳಿದ್ದಾನೆ. ಆದರೆ ಕನ್ನಡಿಯು ಎದುರಿಗಿರುವುದೆಲ್ಲವನ್ನೂ ಸಮನಾಗಿ ತೋರಿಸುತ್ತದೆ. ಜನರ ಹಾಡು ಹಾಗೆ ತೋರಿಸುವುದಿಲ್ಲ. ಅದು ಕೆಲವನ್ನು ಬಿಡುತ್ತದೆ, ಕೆಲವನ್ನು ಹಿಗ್ಗಿಸುತ್ತದೆ, ಕೆಲವೆಡೆ ಸಂಗತಿಯನ್ನು ತಪ್ಪಾಗಿಯೂ ಹೇಳುತ್ತದೆ. ಆದರೂ ಒಂದು ಕಾಲದ ಜನರು ಯಾವುದಕ್ಕೆ ಮರುಗಿದರು, ಯಾವುದಕ್ಕೆ ಕೆರಳಿದರು, ಯಾವುದನ್ನು ಕಂಡು ನಕ್ಕರು ಎಂಬುದನ್ನರಿಯಲು ಅದಕ್ಕಿಂತ ಮಿಗಿಲಾದ ಸಾಧನ ದೊರೆಯದು. ಕನ್ನಡ ನಾಡಿನ ಕೆಲವು ಉದಾಹರಣೆಗಳಿಂದ ಈ ಮಾತನ್ನು ಪರಿಶೀಲಿಸಬಹುದು.

ಹಲಗಲಿಯು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಒಂದು ಗ್ರಾಮ. ೧೮೫೭ರಲ್ಲಿ ಉತ್ತರ ಭಾರತದಲ್ಲಿ ಸಮರದ ಕಿಚ್ಚು ಹಬ್ಬಿದ್ದಾಗ, ಅಪ್ಪಣೆಯಿಲ್ಲದೆ ಯಾರೂ ಆಯುಧಗಳನ್ನಿಟ್ಟುಕೊಳ್ಳಕೂಡದೆಂದು ಕಂಪನಿ ಸರಕಾರವು ಕಾಯಿದೆ ಮಾಡಿತು. ಹಲಗಲಿಯ ಬೇಡರಿಗೆ ಆಯುಧವು ಅನ್ನದ ಸಾಧನವೂ ಮಾನದ ಕುರುಹೂ ಆಗಿದ್ದಿತು. ಅವರು ಕೊಡಲೊಲ್ಲೆವೆಂದರು. ಆ ವರ್ಷದ ನವೆಂಬರ್ ತಿಂಗಳ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು.

ಆಳುವವರ ಕಾಗದಪತ್ರಗಳಲ್ಲಿ ಇದು ಒಂದು ಬಂಡಾಯವನ್ನು ಅಡಗಿಸಿದ ವರದಿ. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಲಾವಣಿಯಲ್ಲಾದರೋ ಇದು ಊರಿಗೆ ಊರೇ ಹಾಳಾದ ಕಥೆ. ಆಯುಧ ಕಸಿಯುವ ಹುಕುಂ ವಿಲಾಯತಿಯಿಂದ ಬಂದಿತೆಂದು ಲಾವಣಿಕಾರನು ಹಾಡುತ್ತಾನೆ. ಕಾಯಿದೆ ಆದದ್ದು ಇಲ್ಲಿಯ ಸರಕಾರದಿಂದ. ಆದ್ದರಿಂದ ಇತಿಹಾಸಕಾರನು ಇದನ್ನು ತಪ್ಪೆನ್ನಬಹುದು. ಆದರೆ ತಮ್ಮನ್ನಾಳುವವರ ದನಿ ಕಾಣದ ದೂರದೇಶದಿಂದ ಬರುತ್ತದೆಂದು ಹಳ್ಳಿಗರು ಭಾವಿಸಿದ್ದರೆಂಬ ಸತ್ಯವು ಆ ತಪ್ಪಿನಲ್ಲಿಯೇ ಅಡಗಿದೆ. ಮುಂದೆ ಲೂಟಿಯ ವರ್ಣನೆ ಬರುತ್ತದೆ. ಅಲ್ಲಿ ಮುತ್ತುರತ್ನಗಳಿಲ್ಲ. ಹಾಲು, ಮೊಸರು, ಬೆಣ್ಣೆ; ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ; ಅಕ್ಕಿ, ಬೆಲ್ಲ; ಊಟದ ಗಂಗಾಳ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು. ಒಂದು ಬಡ ಊರಿನ ಸಂಸಾರವು ಹೇಗಿದ್ದಿತು, ಅದರಲ್ಲಿ ಏನು ಉಳಿಯಲಿಲ್ಲ ಎಂಬುದನ್ನು ಇಷ್ಟು ಚೊಕ್ಕವಾಗಿ ಬೇರಾವ ದಾಖಲೆ ಹೇಳೀತು?

ಇಂಥ ಲಾವಣಿಗಳು ಅಚ್ಚಿನಲ್ಲಿ ಉಳಿದ ಬಗೆಯೂ ವಿಚಾರಯೋಗ್ಯವಾಗಿದೆ. ಮುಂಬಯಿ ಸರಕಾರದ ಅಧಿಕಾರಿಯೂ ಪ್ರಸಿದ್ಧ ಶಾಸನತಜ್ಞರೂ ಆಗಿದ್ದ ಜೆ. ಎಫ್. ಫ್ಲೀಟರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ೧೮೮೫ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಹಲಗಲಿಯ ಬೇಡರು, ಕಿತ್ತೂರಿನ ಸಂಗೊಳ್ಳಿ ರಾಯಣ್ಣ ಇವರ ಹಾಡುಗಳೊಡನೆ ಆದಾಯ ತೆರಿಗೆಯನ್ನು ಕುರಿತ ಲಾವಣಿಯೊಂದೂ ಅಲ್ಲಿದೆ. ೧೮೬೦ರಲ್ಲಿ ಈ ತೆರಿಗೆಯು ಭಾರತದಲ್ಲಿ ಮೊದಲ ಬಾರಿಗೆ ಜಾರಿಗೆ ಬಂದಿತು. ಸರಕಾರದ ಮೇಲಿನ ದೂರನ್ನು ಸರಕಾರದ ನೌಕರನೇ ಕಾಪಾಡಿಕೊಟ್ಟಂತಾಯಿತು. ಸ್ನೇಹ, ಹಾದರ, ದ್ರೋಹ, ಕೊಲೆಗಳ ಕಥೆಯಾದ ಸಂಗ್ಯಾನ ಲಾವಣಿಯೂ ಅದೇ ಸಂಗ್ರಹದಲ್ಲಿದೆ. ಬೈಲಹೊಂಗಲ ಸೀಮೆಯಲ್ಲಿ ನಡೆದುದೆನ್ನಲಾದ ಆ ಘಟನೆಯೇ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಊರೂರುಗಳಲ್ಲಿ ರಾತ್ರಿಯಿಡೀ ಹಾಡಿನೊಡನೆ ಮೆರೆಯಿತು. ದೇವತೆಗಳೂ ರಾಜರೂ ಕುಣಿಯುತ್ತಿದ್ದ ಅಟ್ಟದ ಮೇಲೆ ನೆರೆಯೂರಿನ ವ್ಯಾಪಾರಿಯೂ ಅವನ ಗೆಳೆಯನೂ ಬಂದು ನಿಂತುದು ಕಾಲ ಬದಲಾದುದರ ಸ್ಪಷ್ಟ ಲಕ್ಷಣವಾಗಿದೆ.

ಕಥೆಯು ಕಾಲವನ್ನು ತೋರುವ ರೀತಿ ಇದಕ್ಕಿಂತ ಭಿನ್ನವಾದುದು. ವಿಧವಾ ವಿವಾಹಕ್ಕೆ ಮನ್ನಣೆ ಕೊಡುವ ಕಾಯಿದೆಯು ೧೮೫೬ರಲ್ಲಿ ಬಂದಿತು. ಆ ವಿಷಯವನ್ನು ಎತ್ತಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಮಂಗಳೂರಿನಲ್ಲಿ ಅಚ್ಚಾದುದು ೧೮೯೯ರಲ್ಲಿ. ನಡುವೆ ಉರುಳಿದುದು ೪೩ ವರ್ಷ. ಆಯುಧದ ಕಾಯಿದೆಯು ಕೆಲವೇ ತಿಂಗಳಲ್ಲಿ ಹಲಗಲಿಯ ಬಾಗಿಲನ್ನು ತಟ್ಟಿತು. ಎಳೆಯ ವಿಧವೆಯ ಕಣ್ಣೀರೊರಸುವ ಕಾಯಿದೆಯು ಕನ್ನಡ ಕಾದಂಬರಿಯ ವಸ್ತುವಾಗಲು ಒಂದು ತಲೆಮಾರೇ ಕಳೆಯಬೇಕಾಯಿತು. ಶಾಸನವು ಒಂದು ದಿನದಲ್ಲಿ ಆಗಬಹುದು. ಜನಮನವು ಮಾಗುವುದಕ್ಕೆ ಹಿಡಿಯುವ ಕಾಲವನ್ನು ಕಥೆಯೇ ಅಳೆದು ತೋರಿಸುತ್ತದೆ.

ರಂಗಭೂಮಿಯಲ್ಲಿ ಮಾತಿನಂತೆ ಮಟ್ಟೂ ಕಾಲದ ಸಾಕ್ಷಿಯಾಗುತ್ತದೆ. ಉತ್ತರ ಕನ್ನಡದ ಯಕ್ಷಗಾನ ಮೇಳದವರ ಆಟವನ್ನು ಕಂಡು ಪ್ರೇರಣೆಗೊಂಡ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಸಾಂಗಲಿಯಲ್ಲಿ ಮರಾಠಿ ನಾಟಕವಾಡಿಸಿದರು. ಬಳಿಕ ಮರಾಠಿ ಮಂಡಳಿಗಳು ಧಾರವಾಡ, ಗದಗುಗಳವರೆಗೆ ಬಂದು, ಕನ್ನಡಿಗರೇ ಕನ್ನಡ ನಾಟಕವನ್ನು ಮರೆಯುವಂತೆ ಮಾಡಿದವು. ಈ ನೋವಿನಿಂದ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ೧೮೭೦ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಆದರೆ ಮುಂಬಯಿ ಪ್ರಾಂತದ ಕನ್ನಡ ನಾಟಕಗಳಲ್ಲಿ ಹಿಂದುಸ್ತಾನಿ ರಾಗಗಳ, ಮರಾಠಿ ನಾಟ್ಯಗೀತೆಗಳ ಮಟ್ಟು ಉಳಿಯಿತು. ಮೈಸೂರು ಸೀಮೆಯ ನಾಟಕಗಳಲ್ಲಿ ಕರ್ನಾಟಕ ಸಂಗೀತದ ಪದ್ಧತಿ ನಡೆಯಿತು. ೧೯೫೬ರ ನವೆಂಬರ್ ೧ರಂದು ಒಂದಾದ ನಾಡು ಅದಕ್ಕೆ ಮೊದಲು ಹೇಗೆ ಹಂಚಿಹೋಗಿದ್ದಿತೆಂಬುದನ್ನು ಭೂಪಟವಿಲ್ಲದೆ ರಂಗಗೀತೆಗಳಿಂದಲೇ ಅರಿಯಬಹುದಾಗಿದೆ. ಸ್ವಾತಂತ್ರ್ಯಾನಂತರ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ಆಡುತ್ತ, ಅಂದಂದಿನ ಸುದ್ದಿಯನ್ನು ಸಂಭಾಷಣೆಯಲ್ಲಿ ಬೆರೆಸಿದರು. ಹೊರಗಿನವರ ಆಳ್ವಿಕೆಯನ್ನು ದೂರುತ್ತಿದ್ದ ಜನ ತಮ್ಮವರ ಆಡಳಿತವನ್ನು ನೋಡಿ ನಗುವ ಕಾಲ ಬಂದಿದ್ದಿತು. ಆ ನಗೆಯೊಳಗೆ ನಿರಾಶೆಯ ಕಹಿಯೂ ಇದ್ದಿತು.

ಹಲಗಲಿಯ ಲಾವಣಿಯಲ್ಲಿ ಬಂದ ಬೀಸುಕಲ್ಲಿಗೆ ಮರಳಿ ಈ ವಿಚಾರವನ್ನು ಮುಗಿಸಬಹುದು. ಬೆಳಗಿನ ಜಾವ ಆ ಕಲ್ಲಿನ ಮುಂದೆ ಕುಳಿತು ನಮ್ಮ ಹೆಣ್ಣುಮಕ್ಕಳು ತವರನ್ನು ನೆನೆದು, ಅತ್ತೆಯ ಮನೆಯ ಕಷ್ಟವನ್ನು ನುಂಗಿ, ಮಗುವನ್ನು ಹರಸಿ ಸಾವಿರಾರು ತ್ರಿಪದಿಗಳನ್ನು ಹಾಡಿದರು. ಯಾವ ಕಚೇರಿಯ ದಫ್ತರದಲ್ಲಿಯೂ ಹೆಸರಿಲ್ಲದ ಅವರ ಬದುಕು ಆ ಹಾಡುಗಳಲ್ಲಿ ಮಾತ್ರ ದಾಖಲಾಗಿದೆ. ಹಲಸಂಗಿಯ ಗೆಳೆಯರು ಅವುಗಳನ್ನು ಕೇಳಿ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಅನಂತರ ಊರೂರಿಗೂ ಹಿಟ್ಟಿನ ಗಿರಣಿ ಬಂದಿತು. ತಾಯಂದಿರ ರಟ್ಟೆಗೆ ವಿಶ್ರಾಂತಿ ದೊರೆತುದು ಸಂತೋಷದ ಸಂಗತಿಯೇ. ಆದರೆ ಬೀಸುವ ಕೆಲಸದೊಡನೆ ಬೀಸುವ ಪದವೂ ಮನೆಯಿಂದ ಹೊರಟುಹೋಯಿತು.

ಗಿರಣಿಯನ್ನು ನಿಲ್ಲಿಸಿ ಹಾಡನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೆ ಆ ಪದಗಳನ್ನು ಬಲ್ಲ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಅವರ ಬಳಿ ಕುಳಿತು, ಕೇಳಿ, ಕೇಳಿದಂತೆಯೇ ಬರೆದಿಟ್ಟುಕೊಳ್ಳುವುದು ಓದುಬರಹ ಬಲ್ಲ ವಿದ್ಯಾರ್ಥಿಗಳ ಕರ್ತವ್ಯ. ಶಬ್ದವನ್ನು ತಿದ್ದಬಾರದು, ಅಶುದ್ಧವೆಂದು ಬಿಡಬಾರದು. ತಪ್ಪೆಂದು ತೋರಿದೆಡೆಯಲ್ಲಿಯೇ ಕಾಲದ ಸತ್ಯವಿರಬಹುದೆಂಬುದನ್ನು ಹಲಗಲಿಯ ಲಾವಣಿ ಕಲಿಸಿದೆ. ಅರಸರ ಕಾಲವನ್ನು ಶಿಲಾಶಾಸನಗಳು ಉಳಿಸಿವೆ. ಬೀಸುಕಲ್ಲಿನ ಮುಂದೆ ಕುಳಿತವರ ಕಾಲವನ್ನು ಉಳಿಸಬೇಕಾದವರು ಅವರ ಮೊಮ್ಮಕ್ಕಳೇ.