ಕೇಪಿಗೂ ಬಂತು ಬರ: ಅಮೆರಿಕದ ಹವ್ಯಾಸಿ ಶೂಟರ್‌ಗಳ ಪಾಡು

ಗಾತ್ರದಲ್ಲಿ ಒಂದು ತೊಗರಿ ಬೇಳೆಯಷ್ಟಿರುವ ಲೋಹದ ಬಟ್ಟಲೊಂದು 2020ರಲ್ಲಿ ಅಮೆರಿಕದ ಹವ್ಯಾಸಿ ಶೂಟರ್‌ಗಳ ನಿದ್ದೆ ಕೆಡಿಸಿತು. ಅದರ ಹೆಸರು ಪ್ರೈಮರ್. ಹಳೆಯ ಕೋವಿಗಳನ್ನು ಕಂಡಿರುವ ಮಲೆನಾಡಿಗರ ಮಾತಿನಲ್ಲಿ ಹೇಳುವುದಾದರೆ ಕೇಪು. ಅಂಗಡಿಯಲ್ಲಿ ಮದ್ದುಗುಂಡು ಸಿಗದಿದ್ದರೂ ತಮಗೆ ಬೇಕಾದುದನ್ನು ತಾವೇ ಮನೆಯಲ್ಲಿ ಸಿದ್ಧಪಡಿಸಿಕೊಳ್ಳಬಲ್ಲೆವೆಂದು ವರ್ಷಗಳಿಂದ ನಂಬಿದ್ದವರೇ ಈ ಅಭಾವದಲ್ಲಿ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗಿ ಬಂದದ್ದು ವಿಚಿತ್ರವಾದರೂ ಸತ್ಯ.

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೂರುವ ಕೇಪು, ಒಳಗೆ ತುಂಬಿದ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಟ್ರಿಗರ್ ಎಳೆದಾಗ ಸೂಜಿಯೊಂದು ಕೇಪಿಗೆ ಬಡಿಯುತ್ತದೆ. ಕೇಪು ಕಿಡಿ ಕಾರುತ್ತದೆ, ಮದ್ದು ಉರಿಯುತ್ತದೆ, ಅದರ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಉಳಿಯುವುದು ಹಿತ್ತಾಳೆಯ ಕೊಳವೆ ಮಾತ್ರ. ತೋಟಾದ ಬೆಲೆಯಲ್ಲಿ ಈ ಕೊಳವೆಯ ಪಾಲು ಸಾಕಷ್ಟು ದೊಡ್ಡದು. ಅದನ್ನು ಹೆಕ್ಕಿ ತಂದು, ತೊಳೆದು, ಮೇಜಿಗೆ ಬಿಗಿದ ಸಣ್ಣ ಒತ್ತುಯಂತ್ರದಲ್ಲಿ ಮೊದಲಿನ ಅಳತೆಗೆ ತಂದು ಮತ್ತೆ ಹೊಸ ಕೇಪು, ಮದ್ದು, ಗುಂಡು ತುಂಬುವುದಕ್ಕೆ ರೀಲೋಡಿಂಗ್ ಅಥವಾ ಮರುಭರ್ತಿ ಎಂದು ಹೆಸರು. ಉಳಿತಾಯ ಇದರ ಒಂದು ಕಾರಣ. ತನ್ನ ಬಂದೂಕಿಗೆ ಒಪ್ಪುವ ಪ್ರಮಾಣವನ್ನು ತಾನೇ ಹುಡುಕಿ ಗುರಿಯ ನಿಖರತೆ ಹೆಚ್ಚಿಸಿಕೊಳ್ಳುವ ಹುಚ್ಚು ಇನ್ನೊಂದು ಕಾರಣ. ಹಲವರಲ್ಲಿ ಇದೇ ಮುಖ್ಯ ಕಾರಣವೂ ಹೌದು.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳಲು ಪರವಾನಗಿ ಬೇಕಿಲ್ಲ. ಮಾರಾಟದ ದಂಧೆ ಮಾಡಿದರೆ ಮಾತ್ರ ಬೇಕು. ನಮ್ಮಲ್ಲಿ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪ್ರಸಿದ್ಧ ವಿನಾಯಿತಿ ಕೋವಿ ಹೊಂದುವುದಕ್ಕೇ ಹೊರತು ತೋಟಾ ತಯಾರಿಕೆಗಲ್ಲ.

ಮನೆಯಲ್ಲಿ ಆಗದ ಒಂದೇ ಕೆಲಸ

ನಾಲ್ಕು ಭಾಗಗಳಲ್ಲಿ ಹಿತ್ತಾಳೆಯನ್ನು ಮತ್ತೆ ಮತ್ತೆ ಬಳಸಬಹುದು. ಗುಂಡನ್ನು ಬೇಕಾದರೆ ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಳ್ಳಬಹುದು. ಹಲವರು ಹಾಗೆ ಮಾಡುತ್ತಾರೆ. ಮದ್ದನ್ನು ಕೊಳ್ಳಲೇಬೇಕು. ಆದರೆ ಪಿಸ್ತೂಲಿನ ತೋಟಾಗಳಿಗೆ ಅದು ಬೇಕಾಗುವುದು ಚಿಟಿಕೆಯಷ್ಟು. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಡಬ್ಬಿಯಿಂದ ಸಾವಿರಕ್ಕೂ ಹೆಚ್ಚು ತೋಟಾ ಆಗುತ್ತವೆ. ಕೇಪಿನ ಲೆಕ್ಕದಲ್ಲಿ ಮಾತ್ರ ಚೌಕಾಸಿ ಇಲ್ಲ. ಒಂದು ತೋಟಾಕ್ಕೆ ಒಂದು ಕೇಪು. ಅರ್ಧ ಹಾಕುವಂತಿಲ್ಲ, ಒಮ್ಮೆ ಸಿಡಿದದ್ದನ್ನು ಮತ್ತೆ ಬಳಸುವಂತಿಲ್ಲ.

ಅದರೊಳಗಿನ ಮಿಶ್ರಣ ಪೆಟ್ಟು ಬಿದ್ದರೆ ಸಿಡಿಯುವಂಥದ್ದು. ಆದ್ದರಿಂದಲೇ ಕಾರ್ಖಾನೆಗಳಲ್ಲಿ ಅದನ್ನು ಒದ್ದೆಯಾಗಿದ್ದಾಗಲೇ ಬಟ್ಟಲುಗಳಿಗೆ ತುಂಬಿ, ಬಳಿಕ ಒಣಗಿಸುತ್ತಾರೆ. ಅಮೆರಿಕದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದದ್ದು ಬೆರಳೆಣಿಕೆಯ ಕಡೆ. ಐಡಾಹೊ ರಾಜ್ಯದ ಲೂಯಿಸ್ಟನ್‌ನಲ್ಲಿ ಸಿಸಿಐ, ಮಿನ್ನೆಸೋಟದ ಅನೋಕಾದಲ್ಲಿ ಫೆಡರಲ್, ಅರ್ಕನ್ಸಾದ ಲೋನೋಕ್‌ನಲ್ಲಿ ರೆಮಿಂಗ್ಟನ್; ಇವುಗಳೊಡನೆ ಓಲಿನ್ ಕಂಪನಿಯ ವಿಂಚೆಸ್ಟರ್. ಈ ನಾಲ್ಕರಲ್ಲಿ ರೆಮಿಂಗ್ಟನ್ 2018ರಲ್ಲಿ ಒಮ್ಮೆ, 2020ರ ಜುಲೈನಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಬೇಡಿಕೆ ಮುಗಿಲು ಮುಟ್ಟಿದ ವರ್ಷದಲ್ಲೇ ನಾಲ್ಕರಲ್ಲೊಂದು ಕಾರ್ಖಾನೆ ಹೀಗೆ ಮುಗ್ಗರಿಸಿತು.

ಕೋವಿಡ್, ಬೀದಿ ಗಲಭೆ, ಅಧ್ಯಕ್ಷೀಯ ಚುನಾವಣೆ ಮೂರೂ ಒಂದೇ ವರ್ಷ ಕೂಡಿ ಬಂದಿದ್ದವು. ಬಂದೂಕು ಉದ್ಯಮದ ಸಂಘಟನೆಯಾದ ಎನ್ಎಸ್ಎಸ್ಎಫ್‌ನ ಅಂದಾಜಿನಂತೆ 2020ರಲ್ಲಿ 84 ಲಕ್ಷ ಅಮೆರಿಕನ್ನರು ಜೀವನದಲ್ಲಿ ಮೊದಲ ಬಾರಿಗೆ ಬಂದೂಕು ಕೊಂಡರು. ಅವರಲ್ಲಿ ಪ್ರತಿಯೊಬ್ಬರೂ 50 ತೋಟಾಗಳ ಎರಡೇ ಪೆಟ್ಟಿಗೆ ಕೊಂಡರೆಂದು ಹಿಡಿದರೂ 84 ಕೋಟಿ ತೋಟಾ, 84 ಕೋಟಿ ಕೇಪು. ಹಳೆಯ ಗಿರಾಕಿಗಳ ಮಾತು ಇದರಲ್ಲಿ ಬಂದಿಲ್ಲ.

ಇಲ್ಲಿಯೇ ಹವ್ಯಾಸಿಯ ಕಣಕ್ಕೆ ನೀರು ಬಿದ್ದದ್ದು. ಕೇಪು ತಯಾರಿಸುವ ಕಂಪನಿಗಳೇ ಸಿದ್ಧ ತೋಟಾಗಳನ್ನೂ ತಯಾರಿಸುತ್ತವೆ. ಬಿಡಿ ಕೇಪಿಗಿಂತ ಸಿದ್ಧ ತೋಟಾದಲ್ಲಿ ಲಾಭ ಹೆಚ್ಚು. ಜೊತೆಗೆ ಸೇನೆ, ಪೊಲೀಸ್ ಇಲಾಖೆಗಳ ಗುತ್ತಿಗೆಗಳಿರುತ್ತವೆ. ಹೀಗಾಗಿ ಉತ್ಪಾದನೆಯಾದ ಕೇಪು ಮೊದಲು ಕಂಪನಿಯ ಸ್ವಂತ ಯಂತ್ರಗಳಿಗೆ ಹೋಯಿತು. ಮಿಕ್ಕಿದ್ದು ಹವ್ಯಾಸಿಗೆ. ಮಿಕ್ಕದ್ದೇ ಇರಲಿಲ್ಲ ಎನ್ನುವುದು ಅಂದಿನ ಖಾಲಿ ಕಪಾಟುಗಳ ಕಥೆ. 2019ರಲ್ಲಿ ಸಾವಿರಕ್ಕೆ 30-35 ಡಾಲರಿಗೆ ಸಿಗುತ್ತಿದ್ದ ಕೇಪಿಗೆ 2021ರಲ್ಲಿ 100 ಡಾಲರ್ ಮೀರಿ ತೆರಬೇಕಾಯಿತು. ಖಾಸಗಿ ಕೈಬದಲಿನಲ್ಲಿ ಅದಕ್ಕೂ ಹಲವು ಪಟ್ಟು.

ಹೊಸ ಕಾರ್ಖಾನೆ ಏಕಿಲ್ಲ?

ಬೇಡಿಕೆ ಇಷ್ಟಿದ್ದರೂ ಕಂಪನಿಗಳು ಏಕೆ ಹೊಸ ಘಟಕಗಳನ್ನು ತೆರೆಯಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಹಿಂದಿನ ಅನುಭವದಲ್ಲಿದೆ. ಒಬಾಮಾ ಆಯ್ಕೆಯಾದ 2008ರಲ್ಲಿಯೂ, ಸ್ಯಾಂಡಿಹುಕ್ ಶಾಲೆಯ ಹತ್ಯಾಕಾಂಡದ ನಂತರ ಕಠಿಣ ಕಾಯ್ದೆಯ ಭೀತಿ ಹಬ್ಬಿದ 2013ರಲ್ಲಿಯೂ ಇಂಥದೇ ನೂಕುನುಗ್ಗಲು ನಡೆದಿತ್ತು. 2016ರಲ್ಲಿ ಟ್ರಂಪ್ ಗೆದ್ದ ಮೇಲೆ ಭೀತಿ ಇಳಿಯಿತು, ಮಾರಾಟವೂ ಇಳಿಯಿತು, ಕಪಾಟುಗಳಲ್ಲಿ ಸರಕು ಕೊಳೆಯಿತು. ಭಯದಿಂದ ಹುಟ್ಟುವ ಬೇಡಿಕೆ ಭಯ ಹೋದ ದಿನವೇ ಹೋಗುತ್ತದೆಂದು ಬಲ್ಲವರು ಕೋಟಿಗಟ್ಟಲೆ ಬಂಡವಾಳ ಹೂಡಲು ಹಿಂಜರಿಯುವುದು ಅಸಹಜವಲ್ಲ. ಸ್ಫೋಟಕ ಘಟಕಕ್ಕೆ ಬೇಕಾದ ಭೂಮಿ, ಅನುಮತಿ, ತರಬೇತಾದ ಕೆಲಸಗಾರರು ಒಂದೆರಡು ತಿಂಗಳಲ್ಲಿ ಒದಗುವಂಥವೂ ಅಲ್ಲ.

ಬದಲಿಗೆ ನಡೆದದ್ದು ಮಾಲೀಕತ್ವದ ಕ್ರೋಢೀಕರಣ. ಸಿಸಿಐ ಹಾಗೂ ಫೆಡರಲ್ ಎರಡನ್ನೂ ಹೊಂದಿದ್ದ ವಿಸ್ಟಾ ಔಟ್‌ಡೋರ್ ಕಂಪನಿಯೇ 2020ರಲ್ಲಿ ರೆಮಿಂಗ್ಟನ್‌ನ ಮದ್ದುಗುಂಡು ವಿಭಾಗವನ್ನು ಸುಮಾರು 8.1 ಕೋಟಿ ಡಾಲರಿಗೆ ಕೊಂಡಿತು. ನಾಲ್ಕರಲ್ಲಿ ಮೂರು ಹೆಸರುಗಳು ಒಂದೇ ಮನೆಗೆ ಸೇರಿದವು. 2024ರ ನವೆಂಬರ್‌ನಲ್ಲಿ ಆ ಮೂರೂ ಯುರೋಪಿನ ಚೆಕೊಸ್ಲೊವಾಕ್ ಗ್ರೂಪ್‌ನ ಪಾಲಾದವು. ಅಂಗಡಿಯಲ್ಲಿ ಬಣ್ಣಬಣ್ಣದ ಪೆಟ್ಟಿಗೆ ಕಂಡು ಆಯ್ಕೆ ಇದೆ ಎಂದುಕೊಳ್ಳುವ ಗ್ರಾಹಕನಿಗೆ ಇದು ತಿಳಿದಿರುವುದು ಕಡಿಮೆ.

ಹತ್ತಿಯಿಂದ ಮದ್ದಿಗೆ

ಕೇಪಿನ ಕೊರತೆ ನೀಗುತ್ತಿದೆ ಎನ್ನುವಷ್ಟರಲ್ಲಿ ಮದ್ದಿನ ಸರದಿ ಬಂತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿದ ಬಳಿಕ ಫಿರಂಗಿ ಗುಂಡುಗಳ ಬೇಡಿಕೆ ಜಗತ್ತಿನಾದ್ಯಂತ ಏರಿತು. ಫಿರಂಗಿಗೂ ರೈಫಲ್ಲಿಗೂ ಬೇಕಾದ ಹೊಗೆರಹಿತ ಮದ್ದಿನ ಮೂಲ ವಸ್ತು ಒಂದೇ: ನೈಟ್ರೋಸೆಲ್ಯುಲೋಸ್. ಹತ್ತಿ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನಾರು ಅದರ ಒಂದು ಮುಖ್ಯ ಕಚ್ಚಾ ವಸ್ತು. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳನ್ನು ಕಂಡವರಿಗೆ ಈ ನಾರಿನ ಪರಿಚಯ ಇರುತ್ತದೆ. ಯುರೋಪಿಗೆ ಅದು ಬಹುಪಾಲು ಚೀನಾದಿಂದ ಬರುತ್ತದೆ. ಐರೋಪ್ಯ ಒಕ್ಕೂಟದ ಅಂದಿನ ಆಯುಕ್ತ ಥಿಯೆರಿ ಬ್ರೆಟನ್ 2024ರಲ್ಲಿ ಬಹಿರಂಗವಾಗಿ ಆತಂಕಪಟ್ಟದ್ದು ಇದರ ಬಗ್ಗೆಯೇ.

ಅಮೆರಿಕದ ಹವ್ಯಾಸಿ ಕೊಳ್ಳುವ ಮದ್ದಿನ ಡಬ್ಬಿಯ ಮೇಲೆ ಅಮೆರಿಕದ ಹೆಸರಿದ್ದರೂ ಒಳಗಿನ ಸರಕು ಸ್ವೀಡನ್ನಿನ ಕಾರ್ಲ್‌ಸ್ಕೂಗದ್ದಿರಬಹುದು, ಆಸ್ಟ್ರೇಲಿಯದ ಮುಲ್ವಾಲದ್ದಿರಬಹುದು. ಸ್ವದೇಶದಲ್ಲಿ ತಯಾರಾಗುವುದರಲ್ಲಿ ಒಂದು ಪಾಲು ವರ್ಜೀನಿಯಾದ ರ‍್ಯಾಡ್‌ಫರ್ಡ್ ಘಟಕದ್ದು. ಅದು ಸ್ವತಃ ಸೇನೆಯ ಆಸ್ತಿ. ಯುದ್ಧ ಬಂದಾಗ ಇಂಥ ಘಟಕಗಳು ಯಾರ ಬೇಡಿಕೆಯನ್ನು ಮೊದಲು ಪೂರೈಸುತ್ತವೆಂದು ಹೇಳಬೇಕಾಗಿಲ್ಲ. ಇದರ ಬಿಸಿ ಹೆಚ್ಚು ತಟ್ಟಿದ್ದು ದೊಡ್ಡ ರೈಫಲ್ ಬಳಸುವ ಬೇಟೆಗಾರರಿಗೂ ದೂರ ಗುರಿಯ ಸ್ಪರ್ಧಿಗಳಿಗೂ. ಅವರ ಒಂದು ಪೌಂಡ್ ಮದ್ದು ಸುಮಾರು 150 ತೋಟಾಗಳಿಗೇ ಮುಗಿದುಹೋಗುತ್ತದೆ.

ನಿಭಾಯಿಸಿದ್ದು ಹೇಗೆ?

ಬಹುತೇಕರು ಮಾಡಿದ ಮೊದಲ ಕೆಲಸ ಗುಂಡು ಹಾರಿಸುವುದನ್ನು ಕಡಿಮೆ ಮಾಡಿದ್ದು. ಕೇಳಲು ಸಪ್ಪೆ, ಫಲ ಮಾತ್ರ ಖಚಿತ. ಖಾಲಿ ಬಂದೂಕಿನಲ್ಲಿ ಗುರಿ ಹಿಡಿದು ಟ್ರಿಗರ್ ಎಳೆಯುವ ಅಭ್ಯಾಸಕ್ಕೆ ಒಂದು ಬಿಲ್ಲೆಯೂ ಖರ್ಚಾಗುವುದಿಲ್ಲ. ಇನ್ನು ಕೆಲವರು ಗಾಳಿ ರೈಫಲ್ಲಿನತ್ತ ತಿರುಗಿದರು. ಅದಕ್ಕೆ ಕೇಪೂ ಬೇಡ, ಮದ್ದೂ ಬೇಡ. ಅದನ್ನು ಮಕ್ಕಳ ಆಟಿಕೆ ಎಂದು ಮೂಗು ಮುರಿಯುವವರಿಗೆ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಗಾಳಿ ರೈಫಲ್ಲಿನಲ್ಲೇ ಎಂಬುದನ್ನು ನೆನಪಿಸಬಹುದು.

ಕೊಳ್ಳುವ ರೀತಿಯೂ ಬದಲಾಯಿತು. ಕೇಪು, ಮದ್ದುಗಳನ್ನು ಅಂಚೆ ಸರಕಿನಂತೆ ಕಳಿಸುವಂತಿಲ್ಲ; ಅಪಾಯಕಾರಿ ವಸ್ತುವೆಂದು ಪ್ರತಿ ರವಾನೆಗೆ ಪ್ರತ್ಯೇಕ ಶುಲ್ಕ ತೆರಬೇಕು. ಒಂದೇ ಕ್ಲಬ್ಬಿನ ಐದಾರು ಮಂದಿ ಕೂಡಿ ತರಿಸಿದರೆ ಈ ಶುಲ್ಕ ಹಂಚಿಹೋಗುತ್ತದೆ. ಕೇಪು ಹೆಚ್ಚಿರುವವನು ಮದ್ದು ಹೆಚ್ಚಿರುವವನೊಡನೆ ವಿನಿಮಯ ಮಾಡಿಕೊಳ್ಳುವ ಪದ್ಧತಿಯೂ ಬೆಳೆಯಿತು. ಹಣ ಮುಂಗಡ ಪಡೆದು ಮಾಯವಾಗುವ ನಕಲಿ ಮಾರಾಟಗಾರರ ಹಾವಳಿ ಇದೇ ಅವಧಿಯಲ್ಲಿ ಹೆಚ್ಚಿದ್ದರಿಂದ ಪರಿಚಿತರ ನಡುವಿನ ವ್ಯವಹಾರವೇ ಮೇಲೆನಿಸಿತು.

ನಿಜವಾದ ಅಪಾಯ ಇದ್ದದ್ದು ಬದಲಿ ಹುಡುಕುವವರಿಗೆ. ಒಂದು ಮದ್ದು ಸಿಗದಿದ್ದರೆ ಇನ್ನೊಂದನ್ನು ಅದೇ ತೂಕದಲ್ಲಿ ಸುರಿಯುವುದೆಂದರೆ ಬಂದೂಕನ್ನು ಕೈಯಲ್ಲೇ ಸಿಡಿಸಿಕೊಳ್ಳಲು ಆಹ್ವಾನ ಕೊಟ್ಟಂತೆ. ನೋಡಲು ಒಂದೇ ಬಗೆಯ ಕಪ್ಪು ಕಾಳುಗಳಾದರೂ ಉರಿಯುವ ವೇಗದಲ್ಲಿ ಅಜಗಜಾಂತರ. ಕೇಪಿನ ತಯಾರಕ ಬದಲಾದರೂ ಒತ್ತಡ ಏರುಪೇರಾಗಬಹುದು. ಆದ್ದರಿಂದ ಬದಲಾವಣೆ ಅನಿವಾರ್ಯವಾದರೆ ತಯಾರಕರ ಕೈಪಿಡಿಯಲ್ಲಿ ಆ ಮದ್ದಿಗೇ ಕೊಟ್ಟಿರುವ ಕನಿಷ್ಠ ಪ್ರಮಾಣದಿಂದ ಮತ್ತೆ ಆರಂಭಿಸಬೇಕೆಂಬುದು ಈ ಹವ್ಯಾಸದ ಮೊದಲ ಪಾಠ. ಸಿಡಿದ ಕೇಪನ್ನು ಮನೆಯಲ್ಲೇ ರಾಸಾಯನಿಕ ತುಂಬಿ ಜೀವಂತಗೊಳಿಸುವ ಸಾಹಸಕ್ಕೂ ಅಭಾವದ ದಿನಗಳಲ್ಲಿ ಕೆಲವರು ಇಳಿದರು. ಕಾರ್ಖಾನೆಯಲ್ಲಿಯೇ ಅತ್ಯಂತ ಅಪಾಯಕಾರಿಯೆನಿಸಿದ ಹಂತವನ್ನು ಅಡುಗೆಮನೆಯ ಪಕ್ಕಕ್ಕೆ ತರುವುದು ಉಳಿತಾಯವೆನಿಸಲಾರದು.

2023ರ ಹೊತ್ತಿಗೆ ಕೇಪಿನ ಪೆಟ್ಟಿಗೆಗಳು ಕಪಾಟಿಗೆ ಮರಳಿದವು. ಹಳೆಯ ದರ ಮರಳಲಿಲ್ಲ. ಸುಟ್ಟ ಅನುಭವದಿಂದ ಹಲವರು ಕಂಡಾಗಲೆಲ್ಲ ಕೊಂಡಿಡುವ ಅಭ್ಯಾಸಕ್ಕೆ ಬಿದ್ದರು, ಅದೇ ಅಭ್ಯಾಸ ಕಪಾಟುಗಳನ್ನು ಮತ್ತೆ ಬರಿದು ಮಾಡುತ್ತದೆಂದು ತಿಳಿದೂ. ಇದಕ್ಕೊಂದು ಮಿತಿಯೂ ಉಂಟು. ಅಲ್ಲಿನ ರಾಷ್ಟ್ರೀಯ ಅಗ್ನಿಸುರಕ್ಷಾ ಸಂಘದ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಇಡಬಹುದಾದ ಕೇಪುಗಳ ಸಂಖ್ಯೆ 10,000 ಮಾತ್ರ. ಮೂಲ ಡಬ್ಬಿಗಳಲ್ಲೇ ಇರಿಸಬೇಕಾದ ಮದ್ದಿಗೆ 20 ಪೌಂಡ್ ಮಿತಿ. ಅದನ್ನು ಮೀರಿದರೆ ದಪ್ಪ ಮರದ ಪೆಟ್ಟಿಗೆ ಬೇಕು.