ವಾರ್ಡ್ ಕಚೇರಿಯಲ್ಲಿ ನಮ್ಮವರ ದನಿ

ಮುಂಬಯಿಯಲ್ಲಿ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಿಗೆ ಕೊರತೆಯಿಲ್ಲ. ವಾರ್ಷಿಕೋತ್ಸವ, ಅರಸಿನ ಕುಂಕುಮ, ಆಟಿಡೊಂಜಿ ದಿನ, ಯಕ್ಷಗಾನ, ವಿದ್ಯಾರ್ಥಿವೇತನ ವಿತರಣೆ ಎಂದು ವರ್ಷವಿಡೀ ಕಾರ್ಯಕ್ರಮ. ಮೈಕ್ ಸಿಕ್ಕಿದರೆ ಅರ್ಧ ಗಂಟೆ ಬಿಡದವರೂ ಧಾರಾಳ ಇದ್ದಾರೆ. ಆದರೆ ಮನೆ ಮುಂದಿನ ಗಟಾರ ತುಂಬಿ ಹರಿದರೆ, ನಳ್ಳಿಯಲ್ಲಿ ಕೆಸರು ನೀರು ಬಂದರೆ ಮಾತ್ರ "ನಮಗ್ಯಾಕೆ ಮಾರಾಯ್ರೆ, ನಾವು ಹೊಟ್ಟೆಪಾಡಿಗೆ ಬಂದವರು" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಹಿಂಜರಿಕೆಗೆ ಕಾರಣಗಳೂ ಇವೆ. ಹೊಟೇಲಿನವರಿಗೆ ಲೈಸೆನ್ಸಿನ ಚಿಂತೆ, ನೌಕರಿಯವರಿಗೆ ಲೋಕಲ್ ಟ್ರೈನಿನ ಚಿಂತೆ. ಮರಾಠಿಯಲ್ಲಿ ಅರ್ಜಿ ಬರೆಯುವ ಅಳುಕು ಬೇರೆ.

ಮುಂಬಯಿ ಆಸುಪಾಸಿನ ಉಪನಗರವೊಂದರ ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿ ಅಕ್ಕ ಒಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಕ್ಕಳು ನೌಕರಿ ಹಿಡಿದು ಬೇರೆ ಊರು ಸೇರಿದ ಮೇಲೆ ಅವರಿಗೆ ಹಗಲು ಉದ್ದವಾಯಿತು. ಅವರ ಓಣಿಯ ತಿರುವಿನಲ್ಲಿ ಗಟಾರದ ಎರಡು ಚಪ್ಪಡಿಗಳು ಒಡೆದಿದ್ದವು. ಒಂದು ಮಳೆಗಾಲ ಶಾಲೆಗೆ ಹೊರಟಿದ್ದ ನೆರೆಮನೆಯ ಮಗು ಅದರಲ್ಲಿ ಕಾಲಿಟ್ಟು ಬಿದ್ದು ಗಾಯ ಮಾಡಿಕೊಂಡಿತು. ಅಕ್ಕ ವಾರ್ಡ್ ಕಚೇರಿಗೆ ಹೋದರು. ಮೂರು ಸಲ ಹೋದಾಗಲೂ ಸಿಕ್ಕಿದ್ದು "ಬಘತೊ" ಎಂಬ ಒಂದೇ ಮಾತು.

ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ ಎಂದು ಯಾರೋ ತಿಳಿಹೇಳಿದರು. ಹಾಗಾಗಿ ನೆರೆಯ ಹುಡುಗಿಯಿಂದ ಮರಾಠಿಯಲ್ಲಿ ಎರಡು ಪ್ರತಿ ಬರೆಸಿ, ತಮ್ಮ ಪ್ರತಿಯ ಮೇಲೆ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಂಡರು. ಅದಕ್ಕೂ ಉತ್ತರವಿಲ್ಲ. ಕೊನೆಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟರು. ಕಾನೂನಿನ 30 ದಿನಗಳ ಗಡುವಿನೊಳಗೆ ಉತ್ತರ ಬಂತು: ಆ ಚಪ್ಪಡಿಗಳನ್ನು ಹಿಂದಿನ ವರ್ಷವೇ ಬದಲಾಯಿಸಲಾಗಿದೆ!

ಮರುದಿನವೇ ಅಕ್ಕ ಆ ಕಾಗದ, ಒಂದು ಫೋಟೊ ಮತ್ತು ಮಹಿಳಾ ವಿಭಾಗದ ನಾಲ್ವರೊಂದಿಗೆ ಇಂಜಿನಿಯರರ ಮೇಜಿನ ಮುಂದೆ ನಿಂತರು. ಅರ್ಧ ಮರಾಠಿ, ಅರ್ಧ ಹಿಂದಿ. "ಸಾಹೇಬ್, ಈ ಕಾಗದದ ಚಪ್ಪಡಿ ಮೇಲೆ ಮಕ್ಕಳು ನಡೆಯುವುದು ಹೇಗೆ?" ಎಂದು ಕೇಳಿದರಂತೆ. ಅದುವರೆಗೆ ತಲೆ ಎತ್ತದ ಸಾಹೇಬರು "ಮಾವ್ಶಿ, ಕುಳಿತುಕೊಳ್ಳಿ" ಎಂದರು. ಹನ್ನೊಂದನೆಯ ದಿನ ಒಂದು ಚಪ್ಪಡಿ ಬಂತು. ಎರಡನೆಯದು ಇನ್ನೂ ಬಂದಿಲ್ಲ. ಹಿಂದಿನ ವರ್ಷದ ಬಿಲ್ಲು ಯಾರಿಗೆ ಪಾವತಿಯಾಯಿತು ಎಂಬ ಪ್ರಶ್ನೆ ಈಗ ಮೇಲ್ಮನವಿಯಲ್ಲಿದೆ.

"ಇಷ್ಟು ವರ್ಷ ಗಂಡನ ಊರು, ಮಗನ ನೌಕರಿ ಹೇಳಿಯೇ ನನ್ನ ಪರಿಚಯ ಆಗುತ್ತಿತ್ತು. ಈಗ ವಾಚ್‌ಮನ್ ಕೂಡ ನೀರಿನ ಪ್ರೆಶರ್ ಯಾಕೆ ಕಡಿಮೆ ಎಂದು ನನ್ನನ್ನೇ ಕೇಳುತ್ತಾನೆ" ಎಂದು ಅಕ್ಕ ನಗುತ್ತಾರೆ. ಸಂಘದ ಶಾಲು-ಹಾರ ಅವರಿಗೆ ಇನ್ನೂ ಸಿಕ್ಕಿಲ್ಲ. ಕೇಳಿದವರೂ ಅಲ್ಲ.

ಹೊಟ್ಟೆಪಾಡಿಗೆ ಬಂದವರು ಬಾಯಿ ತೆರೆಯಬಾರದೆಂದು ಎಲ್ಲಿಯೂ ಬರೆದಿಲ್ಲ. ಮಂಗಳೂರಿನಿಂದ ಕೆಲಸ ಹುಡುಕುತ್ತಾ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದ ಜಾರ್ಜ್ ಫೆರ್ನಾಂಡಿಸ್ 1961ರಲ್ಲಿ ಇದೇ ಮುಂಬಯಿಯ ಮಹಾನಗರ ಪಾಲಿಕೆಗೆ ಆರಿಸಿ ಬಂದರು. 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಆಮೇಲಿನ ಮಾತು. ಎಲ್ಲರೂ ಚುನಾವಣೆಗೆ ನಿಲ್ಲಬೇಕೆಂದೇನೂ ಇಲ್ಲ. 1990ರ ದಶಕದ ಕೊನೆಯಲ್ಲಿ ಘಾಟ್ಕೋಪರ್‌ನ ಜೋಶಿ ಲೇನ್ ನಿವಾಸಿಗಳು ಹಸಿ ಕಸ, ಒಣ ಕಸ ಬೇರ್ಪಡಿಸಿ ತಮ್ಮ ಓಣಿಯನ್ನು ತಾವೇ ನೋಡಿಕೊಳ್ಳತೊಡಗಿದರು. ಅದನ್ನೇ ಪಾಲಿಕೆ ಎಎಲ್‌ಎಂ ಎಂಬ ಹೆಸರಿನಲ್ಲಿ ಬೇರೆ ಬಡಾವಣೆಗಳಿಗೂ ವಿಸ್ತರಿಸಿತು. ಮಾಹಿತಿ ಹಕ್ಕು ದೇಶಕ್ಕೆ ಬಂದದ್ದು 2005ರಲ್ಲಿ. ಮಹಾರಾಷ್ಟ್ರದಲ್ಲಿ ಅದಕ್ಕೂ ಮೊದಲೇ ಇಂಥ ಕಾನೂನು ಇತ್ತು. ನಾವು ಬಳಸಿದ್ದು ಎಷ್ಟು?

ಅಕ್ಕನ ಸಂಘದಲ್ಲಿ ಈಗ ತಿಂಗಳ ಮೊದಲ ಭಾನುವಾರ ಭಜನೆ ಮುಗಿದ ಬಳಿಕ ಅರ್ಧ ಗಂಟೆ ಅರ್ಜಿ ಬರೆಯುವ ಕೆಲಸ ನಡೆಯುತ್ತದೆ. ಕಳೆದ ಸಲ ಏಳು ಮಂದಿ ಬಂದಿದ್ದರು. ಐವರದು ನೀರಿನ ದೂರು, ಇಬ್ಬರದು ಬೀದಿದೀಪದ್ದು. ಬರೆಯುವ ಕೈ ಒಂದೇ ಇರುವುದರಿಂದ, ಮರಾಠಿ ಚೆನ್ನಾಗಿ ಬಲ್ಲ ನಮ್ಮ ಯುವಕ-ಯುವತಿಯರು ಬಂದರೆ ದೊಡ್ಡ ಉಪಕಾರ ಎನ್ನುತ್ತಾರೆ ಅಕ್ಕ.